ಹೊಲಿಗೆಯನ್ನೇ ಜೀರ್ಣಿಸುವ ಅಂಗ

ಬಲಿತ ಕುರಿಯ ಮಾಂಸ ಬೇಗ ಬೇಯದಿದ್ದರೆ ಅದಕ್ಕೊಂದು ಹೋಳು ಹಸಿ ಪರಂಗಿಕಾಯಿ ಹಾಕುವುದು ನಮ್ಮ ಅಡುಗೆಮನೆಗಳ ಹಳೆಯ ಉಪಾಯ. ಪರಂಗಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಎಳೆಗಳನ್ನು ಸಡಿಲಿಸಿಬಿಡುತ್ತದೆ. ಸರಿಸುಮಾರು ಇದೇ ಕಸುಬಿನ ಒಂದು ರಸ ನಮ್ಮೆಲ್ಲರ ಹೊಟ್ಟೆಯಲ್ಲೂ ದಿನಕ್ಕೆ ಒಂದು ಲೀಟರಿಗೂ ಮೇಲ್ಪಟ್ಟು ಒಸರುತ್ತಿರುತ್ತದೆ. ಅದನ್ನು ತಯಾರಿಸುವುದು ಮೇದೋಜೀರಕ ಗ್ರಂಥಿ. ವೈದ್ಯರ ಬಾಯಲ್ಲಿ ಪ್ಯಾಂಕ್ರಿಯಾಸ್. ಸಕ್ಕರೆ ಕಾಯಿಲೆ ಮನೆಮಾತಾದ ಮೇಲೆ ಇನ್ಸುಲಿನ್ ತಯಾರಿಸುವ ಗ್ರಂಥಿ ಎಂದು ಅದು ಎಲ್ಲರಿಗೂ ಪರಿಚಿತ. ಆದರೆ ಗ್ರಂಥಿಯ ಹೆಚ್ಚಿನ ಭಾಗ ದುಡಿಯುವುದು ಇನ್ಸುಲಿನ್ನಿಗಾಗಿ ಅಲ್ಲ, ಈ ಜೀರ್ಣರಸಕ್ಕಾಗಿ. ಅನ್ನ, ಬೇಳೆ, ಎಣ್ಣೆ, ಮಾಂಸ ಎಲ್ಲವನ್ನೂ ಅದು ಒಡೆಯಬಲ್ಲದು. ಇಷ್ಟು ಸಮರ್ಥವಾದ ರಸ ತಾನಿರುವ ಮನೆಯನ್ನೇ ಏಕೆ ತಿಂದುಹಾಕುವುದಿಲ್ಲ? ಗ್ರಂಥಿಯೊಳಗಿರುವವರೆಗೆ ಅದರ ಮುಖ್ಯ ಕಿಣ್ವಗಳು ಒರೆಯಲ್ಲಿಟ್ಟ ಕತ್ತಿಯ ಹಾಗೆ. ಕರುಳನ್ನು ಸೇರಿದ ಮೇಲಷ್ಟೇ ಒರೆ ಕಳಚುತ್ತದೆ.

ಈ ಏರ್ಪಾಟು ಆರೋಗ್ಯವಂತರಿಗೆ ಸರಿ. ಗ್ರಂಥಿಯನ್ನು ಕತ್ತರಿಸಿ, ಉಳಿದ ತುಂಡನ್ನು ಕರುಳಿಗೆ ಜೋಡಿಸಿ ಹೊಲಿಯಬೇಕಾದ ಶಸ್ತ್ರವೈದ್ಯನ ಗತಿ ಏನು? ಅವನು ಹಾಕಿದ ಹೊಲಿಗೆಯ ಪಕ್ಕದಲ್ಲೇ ಆ ರಸ ಹರಿಯುತ್ತದೆ. ಒಂದು ಹನಿ ಹೊರಗೆ ಜಿನುಗಿದರೂ ಸುತ್ತಲಿನ ಅಂಗಾಂಶ ಅದಕ್ಕೆ ಆಹಾರ. ನೂರು ವರ್ಷಕ್ಕೂ ಮೀರಿದ ಕಾಲ ಶಸ್ತ್ರವೈದ್ಯರು ಈ ಒಂದು ಸೋರಿಕೆಯೊಡನೆ ಸೆಣಸಿದ ಕಥೆ ವೈದ್ಯ ಇತಿಹಾಸದ ಕುತೂಹಲಕರ ಅಧ್ಯಾಯಗಳಲ್ಲಿ ಒಂದು. ಸೋರದ ಹೊಲಿಗೆಯನ್ನು ಹುಡುಕಲು ಹೊರಟವರಿಗೆ ಕೊನೆಗೆ ಸಿಕ್ಕಿದ್ದು ಬೇರೆಯೇ ಎನ್ನುವುದರಲ್ಲಿ ಅದರ ಸ್ವಾರಸ್ಯವಿದೆ.

ಈ ಗ್ರಂಥಿಯನ್ನು ಜನ ಬಹುಕಾಲ ಅರಿತಿರಲೇ ಇಲ್ಲ. ಗ್ರೀಕರು ಇಟ್ಟ ಪ್ಯಾಂಕ್ರಿಯಾಸ್ ಎಂಬ ಹೆಸರಿಗೆ 'ಪೂರ್ತಿ ಮಾಂಸ' ಎಂಬಷ್ಟೇ ಅರ್ಥ. ಎಲುಬಿಲ್ಲ, ಮೃದ್ವಸ್ಥಿಯಿಲ್ಲ, ಬರೀ ಮಾಂಸದ ಮುದ್ದೆ. ಅದರ ಹಿಂದೆ ಹಾಯುವ ದೊಡ್ಡ ರಕ್ತನಾಳಗಳಿಗೆ ಅದೊಂದು ಮೆತ್ತೆ ಎಂದು ಗೇಲನ್ ತಿಳಿದಿದ್ದ. ಆ ಮಾತು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1642ರಲ್ಲಿ ಇಟಲಿಯ ಪಾದುವಾದಲ್ಲಿ ಯೋಹಾನ್ ಗೆಯೋರ್ಗ್ ವಿರ್ಸುಂಗ್ ಎಂಬಾತ ಗಲ್ಲಿಗೇರಿದ ಅಪರಾಧಿಯೊಬ್ಬನ ಶವವನ್ನು ಕೊಯ್ದು ನೋಡುವಾಗ ಗ್ರಂಥಿಯ ಉದ್ದಕ್ಕೂ ಒಂದು ನಾಳ ಹಾದುಹೋಗಿರುವುದನ್ನು ಕಂಡ. ಅದರ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆಸಿ, ಅಚ್ಚು ತೆಗೆಸಿ, ಯೂರೋಪಿನ ಪಂಡಿತರಿಗೆ ಕಳಿಸಿ ಈ ನಾಳದ ಕೆಲಸವೇನೆಂದು ವಿಚಾರಿಸಿದ. ಉತ್ತರಕ್ಕೆ ಹೆಚ್ಚು ದಿನ ಕಾಯುವ ಭಾಗ್ಯ ಅವನಿಗಿರಲಿಲ್ಲ. ಮರುವರ್ಷವೇ ಯಾರೋ ಅವನನ್ನು ಗುಂಡಿಟ್ಟು ಕೊಂದರು. ನಾಳಕ್ಕೆ ಇಂದಿಗೂ ಅವನ ಹೆಸರಿದೆ. ಅದು ಒಯ್ಯುವ ರಸವನ್ನು 1660ರ ದಶಕದಲ್ಲಿ ಡಚ್ ವೈದ್ಯ ರೆಗ್ನಿಯರ್ ಡಿ ಗ್ರಾಫ್ ನಾಯಿಗಳಿಂದ ಹಿಡಿದು ಸಂಗ್ರಹಿಸಿದ. ಮಾಂಸವನ್ನು ಒಡೆಯುವ ಅದರ ಕಿಣ್ವಕ್ಕೆ ಜರ್ಮನಿಯ ವಿಲ್‌ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ಟ್ರಿಪ್ಸಿನ್ ಎಂದು ಹೆಸರಿಟ್ಟ.

ಅಷ್ಟು ಹೊತ್ತಿಗೆ ಅರಿವಳಿಕೆಯೂ ಕ್ರಿಮಿನಾಶಕಗಳೂ ಬಂದು ಹೊಟ್ಟೆಯನ್ನು ತೆರೆಯುವ ಧೈರ್ಯ ಶಸ್ತ್ರವೈದ್ಯರಿಗೆ ಬಂದಿತ್ತು. 1881ರಲ್ಲಿ ವಿಯೆನ್ನಾದ ಬಿಲ್‌ರೋತ್ ಜಠರದ ಕ್ಯಾನ್ಸರನ್ನು ಕತ್ತರಿಸಿ ತೆಗೆದ. ಕರುಳು, ಪಿತ್ತಕೋಶ ಒಂದೊಂದಾಗಿ ಚಾಕುವಿನ ಅಳವಿಗೆ ಬಂದವು. ಮೇದೋಜೀರಕ ಗ್ರಂಥಿ ಮಾತ್ರ ಹಿಂದೆಯೇ ಉಳಿಯಿತು. ಅದು ಕೂತಿರುವ ಜಾಗವೇ ಹಾಗೆ. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಗೇಣುದ್ದದ ಗ್ರಂಥಿ ಅದು. ಬಲತುದಿಯ ದಪ್ಪ ಭಾಗವನ್ನು ತಲೆ ಎನ್ನುತ್ತಾರೆ. ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಂ ಈ ತಲೆಯನ್ನು ರುಮಾಲಿನಂತೆ ಬಳಸಿ ಕೂತಿದೆ. ಪಿತ್ತನಾಳ ತಲೆಯ ಮೂಲಕವೇ ತೂರಿ ಬರುತ್ತದೆ. ಕರುಳಿಗೆಲ್ಲ ರಕ್ತ ಕೊಡುವ ಹೆದ್ದಾರಿಗಳು ಅದರ ಬೆನ್ನಿಗೆ ಅಂಟಿಕೊಂಡಿವೆ. ಹೀಗಾಗಿ ತಲೆಯಲ್ಲಿ ಹುಟ್ಟಿದ ಗೆಡ್ಡೆಯೊಂದನ್ನೇ ತೆಗೆಯುವಂತಿಲ್ಲ. ಡುವೋಡಿನಂ, ಪಿತ್ತನಾಳದ ತುದಿ, ಪಿತ್ತಕೋಶ, ಹಲವು ವೇಳೆ ಜಠರದ ಒಂದು ಪಾಲು, ಇಷ್ಟನ್ನೂ ಒಟ್ಟಿಗೆ ತೆಗೆಯಬೇಕು. ಆಮೇಲೆ ಮೂರು ಕಡೆ ಜೋಡಣೆ: ಜಠರವನ್ನು ಕರುಳಿಗೆ, ಪಿತ್ತನಾಳವನ್ನು ಕರುಳಿಗೆ, ಉಳಿದ ಗ್ರಂಥಿಯನ್ನು ಕರುಳಿಗೆ. ಮೊದಲೆರಡು ಸಾಮಾನ್ಯವಾಗಿ ಮಾತು ಕೇಳುತ್ತವೆ. ಮೂರನೆಯದು ದುರ್ಯೋಧನನ ತೊಡೆ. ಪೆಟ್ಟು ಬೀಳುವುದು ಅಲ್ಲಿಗೇ.

1898ರಲ್ಲಿ ಇಟಲಿಯ ಇಮೋಲಾದಲ್ಲಿ ಅಲೆಸ್ಸಾಂದ್ರೋ ಕೊದಿವಿಲ್ಲಾ ಇಂಥದೊಂದು ಸಾಹಸ ಮಾಡಿದರು. ರೋಗಿ ಬದುಕಿದ್ದು ಕೆಲವೇ ವಾರ. 1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಷ್ ಇದನ್ನು ಎರಡು ಕಂತಿನಲ್ಲಿ ಮಾಡಿದರು. ಮೊದಲು ಪಿತ್ತರಸಕ್ಕೆ ಬೇರೆ ದಾರಿ ತೋರಿಸಿ ಕಾಮಾಲೆ ಇಳಿಸಿದರು. ಕೆಲವು ವಾರ ಬಿಟ್ಟು ಗೆಡ್ಡೆ ತೆಗೆದರು. ಕಂತು ಏಕೆ ಬೇಕಾಯಿತೆಂದರೆ, ಈ ರೋಗಿಗಳ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಕಾಮಾಲೆಯಿಂದ ಕಣ್ಣು ಅರಿಶಿನವಾದ ರೋಗಿಗೆ ಚಾಕು ತಾಗಿಸಿದರೆ ರಕ್ತ ನಿಲ್ಲುವುದಿಲ್ಲ ಎಂಬುದು ಆಗಿನ ವೈದ್ಯರೆಲ್ಲರ ಕಹಿ ಅನುಭವ, ಕಾರಣ ಮಾತ್ರ ಗೊತ್ತಿರಲಿಲ್ಲ. ಕೌಷ್ ಅವರ ರೋಗಿ ಸುಮಾರು ಒಂಬತ್ತು ತಿಂಗಳು ಬದುಕಿದ. 1912ರಲ್ಲಿ ಅವರು ಇದನ್ನು ಪ್ರಕಟಿಸಿದರೂ ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ಅದಕ್ಕೆ ಅಷ್ಟಾಗಿ ಕಿವಿಗೊಟ್ಟವರಿಲ್ಲ.

ಈ ಶಸ್ತ್ರಚಿಕಿತ್ಸೆಗೆ ಇಂದು ಲೋಕವೆಲ್ಲ ಕರೆಯುವ ಹೆಸರು ವಿಪಲ್ ಅವರದು. ಅಲೆನ್ ಓಲ್ಡ್‌ಫಾದರ್ ವಿಪಲ್ ಹುಟ್ಟಿದ್ದು 1881ರಲ್ಲಿ, ಪರ್ಷಿಯಾದ ಉರ್ಮಿಯಾದಲ್ಲಿ, ಅಮೆರಿಕದ ಮಿಷನರಿ ದಂಪತಿಗಳ ಮಗನಾಗಿ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. (ವಿಪಲ್ ಕಾಯಿಲೆ ಎಂಬುದೊಂದಿದೆ; ಅದಕ್ಕೂ ಇವರಿಗೂ ಸಂಬಂಧವಿಲ್ಲ. ಅದು ಜಾರ್ಜ್ ವಿಪಲ್ ಎಂಬ ಬೇರೆ ವೈದ್ಯರ ಹೆಸರಿನದು.) ನಿವೃತ್ತಿಯ ನಂತರ ತಾವು ಹುಟ್ಟಿದ ಸೀಮೆಯ ನೆನಪು ಕಾಡಿತೋ ಏನೋ, ವೈದ್ಯಶಾಸ್ತ್ರಕ್ಕೆ ನೆಸ್ಟೋರಿಯನ್ ಕ್ರೈಸ್ತರು ಮತ್ತು ಮುಸ್ಲಿಮರು ಕೊಟ್ಟ ಕೊಡುಗೆಯ ಬಗ್ಗೆ ಒಂದು ಪುಸ್ತಕ ಬರೆದರು.

1930ರ ದಶಕದ ನಡುವಿನಲ್ಲಿ ವಿಪಲ್ ಮತ್ತು ಅವರ ಸಂಗಡಿಗರು ಈ ಗಡ್ಡೆಗಳಿಗೆ ಕೈಹಾಕಿದರು. ಮೊದಲ ರೋಗಿ ಎರಡು ದಿನವೂ ಬದುಕಲಿಲ್ಲ. ಶವಪರೀಕ್ಷೆಯಲ್ಲಿ ನೋಡಿದರೆ ಗ್ರಂಥಿಯ ಹೊಲಿಗೆ ಬಿಟ್ಟುಕೊಂಡಿತ್ತು. ಆಗ ಹೊಟ್ಟೆಯೊಳಗಿನ ಹೊಲಿಗೆಗೆ ಬಳಸುತ್ತಿದ್ದ ದಾರ ಕ್ಯಾಟ್‌ಗಟ್. ಹೆಸರಿನಲ್ಲಿ ಬೆಕ್ಕಿದ್ದರೂ ಅದನ್ನು ಮಾಡುವುದು ಕುರಿ, ದನಗಳ ಕರುಳಿನಿಂದ. ಅಂದರೆ ಅದೂ ಮಾಂಸದ ಜಾತಿಯದೇ. ಮಾಂಸ ಜೀರ್ಣಿಸುವುದನ್ನೇ ಕಸುಬು ಮಾಡಿಕೊಂಡ ಗ್ರಂಥಿಯನ್ನು ಕರುಳಿನ ದಾರದಿಂದ ಹೊಲಿದರೆ ಇನ್ನೇನಾದೀತು? ದಾರವೇ ಜೀರ್ಣವಾಗಿಹೋಗಿತ್ತು. ಈಗ ಓದುವಾಗ ಇದು ಮೊದಲೇ ಹೊಳೆಯಬೇಕಿತ್ತಲ್ಲ ಅನ್ನಿಸುತ್ತದೆ. ಆದರೆ ಮೈಯೊಳಗೆ ತಾನಾಗಿ ಕರಗುವುದೇ ಕ್ಯಾಟ್‌ಗಟ್‌ನ ಹೆಚ್ಚುಗಾರಿಕೆ ಎಂದು ಆಗ ಎಲ್ಲರೂ ನಂಬಿದ್ದರು.

ವಿಪಲ್ ರೇಷ್ಮೆಗೆ ಹೊರಳಿದರು. ರೇಷ್ಮೆಯೂ ಹುಳುವೊಂದರ ಪ್ರೊಟೀನೇ. ಆದರೆ ಅದರ ಎಳೆ ಎಷ್ಟು ಬಿಗಿಯಾಗಿ ಹೆಣೆದುಕೊಂಡಿದೆ ಎಂದರೆ ಟ್ರಿಪ್ಸಿನ್‌ಗೆ ಸುಲಭದಲ್ಲಿ ಬಾಯಿಹಾಕಲು ಆಗುವುದಿಲ್ಲ. ಮುಂದಿನ ಇಬ್ಬರಿಗೆ ನವಿರಾದ ರೇಷ್ಮೆ ದಾರದ ಹೊಲಿಗೆ ಬಿತ್ತು. ಕೌಷ್ ಮಾಡಿದ ಹಾಗೆ ಎರಡು ಕಂತು. ಒಬ್ಬರು ಸುಮಾರು ಒಂಬತ್ತು ತಿಂಗಳು, ಇನ್ನೊಬ್ಬರು ಎರಡು ವರ್ಷಕ್ಕೂ ಮಿಕ್ಕಿ ಬದುಕಿದರು. 1935ರಲ್ಲಿ ಈ ಮೂರು ಪ್ರಕರಣಗಳ ವರದಿ ಪ್ರಕಟವಾದಾಗ ಶಸ್ತ್ರವೈದ್ಯರು ಎದ್ದು ಕೂತರು. ಬರೀ ದಾರದ ಬದಲಾವಣೆಯಿಂದ ಅಸಾಧ್ಯ ಎಂದುಕೊಂಡಿದ್ದು ಸಾಧ್ಯವಾಗಿತ್ತು. ಕರ್ನಾಟಕದ ರೇಷ್ಮೆ ಎಂದರೆ ಸೀರೆಯನ್ನಷ್ಟೇ ನೆನೆಯುವ ನಮಗೆ, ಆ ದಾರಕ್ಕೆ ಇಂಥದೊಂದು ಚರಿತ್ರೆಯೂ ಇದೆ ಎಂಬುದು ಗೊತ್ತಿದ್ದರೆ ಚೆನ್ನ.

ಒಂದು ತೊಡಕು ಹೀಗೆ ಸಡಿಲಾಯಿತು. ರಕ್ತ ನಿಲ್ಲದ ಇನ್ನೊಂದು ತೊಡಕಿಗೆ ಪರಿಹಾರ ಬಂದದ್ದು ಶಸ್ತ್ರಚಿಕಿತ್ಸೆಯ ಕೋಣೆಯಿಂದಲ್ಲ, ಕೋಳಿಗೂಡಿನಿಂದ. ಡೆನ್ಮಾರ್ಕಿನ ಹೆನ್ರಿಕ್ ದಾಮ್ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡುತ್ತಿದ್ದಾಗ ಅವಕ್ಕೆ ರಕ್ತಸ್ರಾವ ಶುರುವಾಯಿತು. ಕೊಬ್ಬಿನೊಡನೆ ಮೈಗೆ ಸೇರುವ ಯಾವುದೋ ಒಂದು ವಸ್ತು ರಕ್ತ ಹೆಪ್ಪುಗಟ್ಟಲು ಬೇಕು ಎಂದು ಅವರು ಕಂಡುಕೊಂಡರು. ಅದೇ ಕೆ ವಿಟಮಿನ್. ಅದಕ್ಕಾಗಿ ಅವರಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿಗೂ 1943ರ ನೊಬೆಲ್ ಬಹುಮಾನ ಸಂದಿತು. ಕಾಮಾಲೆಯ ರೋಗಿಯಲ್ಲಿ ಪಿತ್ತರಸ ಕರುಳಿಗೆ ಇಳಿಯುವುದಿಲ್ಲ, ಪಿತ್ತರಸವಿಲ್ಲದೆ ಕೊಬ್ಬು ಹೀರಿಕೆಯಾಗುವುದಿಲ್ಲ, ಕೊಬ್ಬಿಲ್ಲದೆ ಕೆ ವಿಟಮಿನ್ ಮೈಗೆ ಸೇರುವುದಿಲ್ಲ. ಒಗಟು ಬಿಡಿಸಿದಂತಾಯಿತು. ವಿಟಮಿನ್ನನ್ನು ಚುಚ್ಚುಮದ್ದಾಗಿ ಕೊಟ್ಟರೆ ಕಂತುಗಳ ಅಗತ್ಯವೇ ಇಲ್ಲ. 1937ರಲ್ಲಿ ಷಿಕಾಗೋದಲ್ಲಿ ರಕ್ತನಿಧಿ ಶುರುವಾದದ್ದೂ ಇದೇ ಕಾಲಕ್ಕೆ ಒದಗಿತು.

ಒಂದೇ ಕಂತಿನ ಮೊದಲ ವಿಪಲ್ ಶಸ್ತ್ರಚಿಕಿತ್ಸೆ ಮಾತ್ರ ಯೋಜನೆ ಹಾಕಿ ಮಾಡಿದ್ದಲ್ಲ. 1940ರ ಮಾರ್ಚ್‌ನಲ್ಲಿ ರೋಗಿಯೊಬ್ಬರಿಗೆ ಜಠರದ ಕೆಳಭಾಗದ ಕ್ಯಾನ್ಸರ್ ಇದೆ ಎಂದು ತಿಳಿದು ವಿಪಲ್ ಹೊಟ್ಟೆ ತೆರೆದರು. ಜಠರವನ್ನು ಕತ್ತರಿಸಿದ ಮೇಲೆ ನೋಡುತ್ತಾರೆ, ಗೆಡ್ಡೆ ಇರುವುದು ಮೇದೋಜೀರಕದ ತಲೆಯಲ್ಲಿ! ಅರ್ಧ ದಾರಿ ಬಂದಾಗಿತ್ತು. ರೋಗಿಗೆ ಕಾಮಾಲೆ ಇರಲಿಲ್ಲ, ರಕ್ತದ ಭಯ ಕಡಿಮೆ. ಹಿಂದಿರುಗುವುದಕ್ಕಿಂತ ಮುಂದುವರಿಯುವುದೇ ಮೇಲೆಂದು ತೀರ್ಮಾನಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿದರು. ಆ ರೋಗಿ ಒಂಬತ್ತು ವರ್ಷ ಬದುಕಿದರು. ಅಲ್ಲಿಂದ ಮುಂದೆ ಒಂದೇ ಕಂತು ವಾಡಿಕೆಯಾಯಿತು. ವಿಪಲ್ ತಮ್ಮ ಜೀವಮಾನದಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿದ್ದು 37 ಸಲ ಮಾತ್ರ ಎಂದರೆ ಅಚ್ಚರಿಯಾಗಬಹುದು.

ಉಳಿದದ್ದು ಸೋರಿಕೆ. ಆರಂಭದಲ್ಲಿ ವಿಪಲ್ ಉಳಿದ ಗ್ರಂಥಿಯ ಬಾಯನ್ನು ಹೊಲಿದು ಮುಚ್ಚಿಬಿಡುತ್ತಿದ್ದರು, ಕರುಳಿಗೆ ಜೋಡಿಸುತ್ತಿರಲಿಲ್ಲ. ಜೀರ್ಣಕ್ಕೆ ಈ ರಸ ಇಲ್ಲದೆಯೂ ಹೇಗೋ ನಡೆಯುತ್ತದೆ ಎಂಬ ಲೆಕ್ಕ. ಆದರೆ ಹೊಳೆಗೆ ಕಟ್ಟೆ ಕಟ್ಟಿದರೆ ನೀರು ಸುಮ್ಮನಿದ್ದೀತೆ? ರಸ ಮುಚ್ಚಿದ ಬಾಯಿಯನ್ನು ಒಡೆದುಕೊಂಡು ಹೊಟ್ಟೆಯೊಳಕ್ಕೆ ಬರುತ್ತಿತ್ತು. 1940ರ ದಶಕದಲ್ಲಿ ವಿಪಲ್ ಸೇರಿದಂತೆ ಹಲವರು ಗ್ರಂಥಿಯ ನಾಳವನ್ನು ಸಣ್ಣ ಕರುಳಿಗೆ ಸೇರಿಸುವ ಪದ್ಧತಿಗೆ ಬಂದರು. 1946ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಕರುಳನ್ನು ಬಿಟ್ಟು ಜಠರದ ಹಿಂಗೋಡೆಗೇ ಗ್ರಂಥಿಯನ್ನು ಜೋಡಿಸಿದರು. ಜಠರದ ಆಮ್ಲದಲ್ಲಿ ಟ್ರಿಪ್ಸಿನ್‌ನ ಆಟ ನಡೆಯುವುದಿಲ್ಲ ಎಂಬುದು ಈ ಪಕ್ಷದ ವಾದ.

ಅಲ್ಲಿಂದ ಹೊಲಿಗೆಯ ಬಗೆಗಳ ಒಂದು ಮಹಾಪೂರವೇ ಹರಿಯಿತು. ನಾಳವನ್ನು ಕರುಳಿನ ಒಳಪದರಕ್ಕೆ ಕೂದಲೆಳೆಯ ದಾರದಿಂದ ಸೇರಿಸುವುದು ಒಂದು ಬಗೆ. ಗ್ರಂಥಿಯ ತುದಿಯನ್ನು ಕರುಳಿನ ಬಾಯೊಳಗೆ ಇಡಿಯಾಗಿ ತುರುಕುವುದು ಇನ್ನೊಂದು. ನಾಳದೊಳಗೆ ಪ್ಲಾಸ್ಟಿಕ್ ನಳಿಕೆ ಇರಿಸುವುದು, ಜೈವಿಕ ಅಂಟು ಬಳಿಯುವುದು, ಗ್ರಂಥಿಯ ಆರಪಾರ ದಾರ ಹಾಯಿಸಿ ಕರುಳಿನಿಂದ ಹೊದಿಸುವುದು ಹೀಗೆ ಒಬ್ಬೊಬ್ಬ ಗುರುವಿನದು ಒಂದೊಂದು ಸಂಪ್ರದಾಯ. ಚೀನಾದ ಹಾಂಗ್‌ಜೌ ನಗರದ ಪೆಂಗ್ ಶೂಯೌ ಕರುಳಿನ ತುದಿಯನ್ನು ತೋಳಿನಂತೆ ಗ್ರಂಥಿಯ ಮೇಲೆ ಎಳೆದು, ಚೀಲದ ಬಾಯಿಗೆ ಸುತ್ತುವಂತೆ ಹೊರಗಿನಿಂದ ದಾರ ಸುತ್ತಿ ಕಟ್ಟಿದರು. 2007ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಈ ಬಗೆಯ ಕಟ್ಟು ಪಡೆದ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ಒಬ್ಬರಿಗೂ ಸೋರಿಕೆ ಇರಲಿಲ್ಲ. ಎಲ್ಲರೂ ಹುಬ್ಬೇರಿಸಿದರು. ಬೇರೆ ದೇಶದವರು ಅದನ್ನೇ ಮಾಡಿ ನೋಡಿದಾಗ ಆ ಸೊನ್ನೆ ಮರಳಿ ಸಿಗಲಿಲ್ಲ.

ಜಠರವೋ ಕರುಳೋ ಎಂಬ ವ್ಯಾಜ್ಯದ ಪಾಡೂ ಇಷ್ಟೇ. 1995ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು ಎರಡೂ ಒಂದೇ ಎಂದರು. 2013ರಲ್ಲಿ ಬೆಲ್ಜಿಯಂನವರು ಜಠರವೇ ಮೇಲೆಂದರು. 2016ರಲ್ಲಿ ಜರ್ಮನಿಯ ದೊಡ್ಡ ಅಧ್ಯಯನ ಮತ್ತೆ ಎರಡೂ ಒಂದೇ ಎಂದಿತು. ಗ್ರಂಥಿಯ ರಸವನ್ನೇ ಬತ್ತಿಸುವ ಔಷಧಿಗಳದೂ ಇದೇ ಹಾಡು. ಆಕ್ಟ್ರಿಯೊಟೈಡ್ ಎಂಬ ಚುಚ್ಚುಮದ್ದಿನಿಂದ ತೊಡಕುಗಳು ತಗ್ಗಿದವು ಎಂದು 1992ರಲ್ಲಿ ಜರ್ಮನರು ವರದಿ ಮಾಡಿದರೆ, 1997 ಮತ್ತು 2000ದಲ್ಲಿ ಅಮೆರಿಕನ್ನರಿಗೆ ಅದರಿಂದ ಏನೂ ಲಾಭ ಕಾಣಲಿಲ್ಲ. ಅದೇ ಮನೆತನದ ಪ್ಯಾಸಿರಿಯೊಟೈಡ್ 2014ರಲ್ಲಿ ನ್ಯೂಯಾರ್ಕಿನ 300 ರೋಗಿಗಳಲ್ಲಿ ಸೋರಿಕೆ ಮತ್ತು ಕೀವಿನ ತೊಂದರೆಯನ್ನು ಶೇಕಡಾ 21ರಿಂದ 9ಕ್ಕೆ ಇಳಿಸಿತು. ಬೆಲೆ ಮಾತ್ರ ದುಬಾರಿ.

ಇಷ್ಟೆಲ್ಲ ಜಾಣತನಕ್ಕೂ ಬಗ್ಗದಿರುವುದು ಗ್ರಂಥಿಯ ಸ್ವಭಾವ. ಹಳೆಯ ಉರಿಯೂತದಿಂದ ಗಟ್ಟಿಯಾದ ಗ್ರಂಥಿ, ಅಗಲವಾದ ನಾಳ ಇದ್ದರೆ ಯಾವ ಬಗೆಯಲ್ಲಿ ಹೊಲಿದರೂ ಬಹುಮಟ್ಟಿಗೆ ನಿಲ್ಲುತ್ತದೆ. ಗ್ರಂಥಿ ಮೆತ್ತಗೆ, ನಾಳ ಸೂಜಿಯಷ್ಟು ಸಣ್ಣಗೆ ಇದ್ದರೆ ಅದು ಬೆಣ್ಣೆಗೆ ಹೊಲಿಗೆ ಹಾಕಿದ ಹಾಗೆ; ಎಂಥ ಕೈಯಾದರೂ ಸೋರೀತು. ಅಂದರೆ ರೋಗ ಕಡಿಮೆಯಿದ್ದ ಗ್ರಂಥಿಯೇ ಹೊಲಿಯಲು ಹೆಚ್ಚು ಅಪಾಯದ್ದು. ಇದೊಂದು ವಿಚಿತ್ರ.

ಸೋರಿದರೆ ಆಗುವುದೇನು? ಹೊರಬಂದ ರಸ ಒಂದೆಡೆ ಮಡುಗಟ್ಟುತ್ತದೆ. ಅದಕ್ಕೆ ಸೋಂಕು ತಗುಲಿ ಕೀವಾಗುತ್ತದೆ. ಅದು ಪಕ್ಕದ ರಕ್ತನಾಳದ ಕತ್ತರಿಸಿದ ತುದಿಯನ್ನು ನಿಧಾನವಾಗಿ ಕೊರೆಯುತ್ತದೆ. ಒಂದೆರಡು ವಾರ ಕಳೆದು, ರೋಗಿ ಎದ್ದು ಓಡಾಡುತ್ತಿರುವಾಗ, ಮನೆಗೆ ಕಳಿಸುವ ಮಾತು ನಡೆಯುತ್ತಿರುವಾಗ, ಆ ನಾಳ ಒಡೆಯುತ್ತದೆ. ಹಲವು ಸಲ ಅದಕ್ಕೂ ಕೆಲವು ಗಂಟೆ ಅಥವಾ ದಿನ ಮುಂಚೆ ಹೊಟ್ಟೆಗೆ ಇಟ್ಟಿರುವ ಡ್ರೈನ್ ಕೊಳವೆಯಲ್ಲಿ ಒಂದೆರಡು ಚಮಚ ರಕ್ತ ಕಾಣಿಸಿಕೊಂಡು ಹೋಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಾದವರು ಗಾಬರಿಯಾಗದಿದ್ದರೆ ಮುಂದಿನದಕ್ಕೆ ಸಮಯವಿರುವುದಿಲ್ಲ.

1960 ಮತ್ತು 70ರ ದಶಕಗಳಲ್ಲಿ ಅನೇಕ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ಕೈದು ಮಂದಿಯಲ್ಲಿ ಒಬ್ಬರು ಆಸ್ಪತ್ರೆಯಿಂದ ಜೀವಂತ ಹೊರಬರುತ್ತಿರಲಿಲ್ಲ. ಬಂದವರಲ್ಲೂ ಕ್ಯಾನ್ಸರಿನಿಂದ ಪಾರಾಗಿ ಐದು ವರ್ಷ ಬಾಳಿದವರು ಬೆರಳೆಣಿಕೆಯಷ್ಟು. 1970ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಜಾರ್ಜ್ ಕ್ರೈಲ್ ಜೂನಿಯರ್ ನೇರವಾಗಿ ಬರೆದರು: ಈ ಕ್ಯಾನ್ಸರಿಗೆ ಗೆಡ್ಡೆ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಗಿಂತ, ಪಿತ್ತರಸಕ್ಕೆ ಬದಲಿ ದಾರಿ ಮಾಡಿ ಕಾಮಾಲೆ ಇಳಿಸುವುದೇ ರೋಗಿಗೆ ಒಳ್ಳೆಯದು. ಆ ಕಾಲದ ಅಂಕಿ ಅಂಶ ನೋಡಿದರೆ ಅವರನ್ನು ಹೇಡಿ ಎನ್ನಲು ಬಾಯಿ ಬರುವುದಿಲ್ಲ. ಕಾಯಿಲೆಗಿಂತ ಮದ್ದೇ ಬೇಗ ಕೊಲ್ಲುವಾಗ ಮದ್ದು ಬೇಡ ಎನ್ನುವುದೂ ವೈದ್ಯನ ಕರ್ತವ್ಯವೇ.

ಕ್ರೈಲ್ ಅವರಿಗೆ ಉತ್ತರ ಸಿಕ್ಕಿದ್ದು ಎರಡು ದಶಕದ ಮೇಲೆ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಜಾನ್ ಕ್ಯಾಮರನ್ ಮತ್ತು ಸಂಗಡಿಗರು 1993ರಲ್ಲಿ ಒಂದು ವರದಿ ಪ್ರಕಟಿಸಿದರು: ಒಂದಾದ ಮೇಲೊಂದರಂತೆ 145 ವಿಪಲ್ ಶಸ್ತ್ರಚಿಕಿತ್ಸೆಗಳು, ಒಂದೂ ಸಾವಿಲ್ಲ. ನಾಲ್ವರಲ್ಲಿ ಒಬ್ಬರು ಸಾಯುತ್ತಿದ್ದ ಕಾಲ ಕಂಡವರಿಗೆ ಇದು ಪವಾಡದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ವರದಿಯ ಒಳಗೆ ಓದಿದವರಿಗೆ ಇನ್ನೊಂದು ಸಂಗತಿ ಕಾಣುತ್ತಿತ್ತು. ಈ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಒಂದಲ್ಲ ಒಂದು ತೊಡಕು ಬಂದಿತ್ತು. ಸರಿಸುಮಾರು ಐವರಲ್ಲಿ ಒಬ್ಬರಿಗೆ ಗ್ರಂಥಿ ಸೋರಿತ್ತು. ಕ್ಯಾಮರನ್ ಅವರ ಹೊಲಿಗೆಯೂ ಸೋರುತ್ತಿತ್ತು! ಸೋರಿದವರು ಸಾಯುತ್ತಿರಲಿಲ್ಲ, ಅಷ್ಟೇ. ಮುಂದೆ 2006ರಲ್ಲಿ ಅವರು ತಾವೊಬ್ಬರೇ ಮಾಡಿದ 1000 ಶಸ್ತ್ರಚಿಕಿತ್ಸೆಗಳ ಲೆಕ್ಕ ಕೊಟ್ಟರು. ಸಾವು ನೂರಕ್ಕೆ ಒಂದು. 1970ರ ದಶಕದಲ್ಲಿ ಸುಮಾರು ಒಂಬತ್ತು ಗಂಟೆ ಹಿಡಿಯುತ್ತಿದ್ದ ಕೆಲಸ ಕೊನೆಕೊನೆಗೆ ಐದೂವರೆ ಗಂಟೆಗೆ ಇಳಿದಿತ್ತು.

ಇದು ಒಬ್ಬರ ಕೈಗುಣವೇ, ಅಥವಾ ಬೇರೇನಾದರೂ ಇದೆಯೇ? 2002ರಲ್ಲಿ ಜಾನ್ ಬರ್ಕ್‌ಮೆಯರ್ ಮತ್ತು ಜೊತೆಗಾರರು ಅಮೆರಿಕದ ವೃದ್ಧರ ಆರೋಗ್ಯ ವಿಮೆಯ ದಾಖಲೆಗಳನ್ನು ಜಾಲಾಡಿ ಉತ್ತರ ಕೊಟ್ಟರು. ಮೇದೋಜೀರಕದ ಶಸ್ತ್ರಚಿಕಿತ್ಸೆಯನ್ನು ಅಪರೂಪಕ್ಕೊಮ್ಮೆ ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ 16 ಮಂದಿಗೂ ಹೆಚ್ಚು ಸಾಯುತ್ತಿದ್ದರು. ವರ್ಷಕ್ಕೆ 16ಕ್ಕಿಂತ ಹೆಚ್ಚು ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ ನಾಲ್ಕಕ್ಕೂ ಕಡಿಮೆ. ಅವರು ಪರಿಶೀಲಿಸಿದ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಇಷ್ಟು ಅಂತರ ಇನ್ನಾವುದರಲ್ಲೂ ಇರಲಿಲ್ಲ. 2009ರಲ್ಲಿ ಅದೇ ಬಳಗದ ಇನ್ನೊಂದು ಅಧ್ಯಯನ ಒಳಗುಟ್ಟನ್ನೂ ಬಿಡಿಸಿತು. ಒಳ್ಳೆಯ ಆಸ್ಪತ್ರೆ, ಕೆಟ್ಟ ಆಸ್ಪತ್ರೆ ಎರಡರಲ್ಲೂ ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ ತೊಡಕುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತವೆ. ಬಂದ ತೊಡಕಿನಿಂದ ರೋಗಿಯನ್ನು ಎತ್ತಿ ದಡ ಸೇರಿಸುವುದರಲ್ಲಿ ವ್ಯತ್ಯಾಸ.

ನೆದರ್ಲೆಂಡ್ಸ್ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿತು. ವರ್ಷಕ್ಕೆ ಕನಿಷ್ಠ ಇಷ್ಟು ವಿಪಲ್ ಮಾಡದ ಆಸ್ಪತ್ರೆ ಅದನ್ನು ಮಾಡಲೇಕೂಡದು ಎಂಬ ನಿಯಮ ಬಂತು. 2011ರಲ್ಲಿ ಆ ಸಂಖ್ಯೆ 20 ಆಯಿತು. ಚಿಕ್ಕ ದೇಶ, ಒಳ್ಳೆಯ ರಸ್ತೆ. ಅಲ್ಲಿ ಇದು ನಡೆಯುತ್ತದೆ. ಬೀದರಿನಿಂದಲೋ ರಾಯಚೂರಿನಿಂದಲೋ ರೋಗಿಯನ್ನು ಬೆಂಗಳೂರಿಗೆ ಕರೆತರುವವರ ಕಷ್ಟ ಬೇರೆ. ರೈಲಿನ ಟಿಕೆಟ್ಟು, ಉಳಿಯಲು ಜಾಗ, ಬಿಟ್ಟುಬಂದ ಹೊಲ, ಎಲ್ಲವನ್ನೂ ಲೆಕ್ಕ ಹಾಕುವಾಗ ಹತ್ತಿರದ ಊರಿನ ಆಸ್ಪತ್ರೆಯೇ ಸಾಕೆನ್ನಿಸುವುದು ಸಹಜ. ಹಾಗಿದ್ದರೂ ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸುವ ನಾವು, ಇಲ್ಲಿ ವರ್ಷಕ್ಕೆ ಇಂಥವು ಎಷ್ಟು ಆಗುತ್ತವೆ, ನಡುರಾತ್ರಿ ರಕ್ತ ಸೋರಿದರೆ ಯಾರಿರುತ್ತಾರೆ ಎಂದು ಕೇಳುವುದು ಕಡಿಮೆ. ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಪಾರುಗಾಣಿಸುವ ಕೆಲಸದಲ್ಲಿ ಬಂದ ಬದಲಾವಣೆಗಳೂ ಸಣ್ಣವಲ್ಲ. 1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಮಡುಗಟ್ಟಿದ ರಸ ಎಲ್ಲಿದೆ ಎಂದು ಹೊಟ್ಟೆ ತೆರೆಯದೆಯೇ ನೋಡಲು ಸಾಧ್ಯವಾಯಿತು. ಹೊರಗಿನಿಂದ ಸೂಜಿ ತೂರಿಸಿ, ತೆಳು ನಳಿಕೆ ಇಟ್ಟು ಅದನ್ನು ಬಸಿಯುವುದನ್ನು ವಿಕಿರಣ ವೈದ್ಯರು ಕಲಿತರು. ಕೊರೆದುಹೋದ ರಕ್ತನಾಳವನ್ನು ಕೂಡ ತೊಡೆಸಂದಿಯಿಂದ ತಂತಿ ಹಾಯಿಸಿ ಒಳಗಿನಿಂದಲೇ ಮುಚ್ಚಬಹುದು. ಹಿಂದೆ ಇಂಥ ರೋಗಿಯ ಹೊಟ್ಟೆಯನ್ನು ಮತ್ತೆ ತೆರೆಯುತ್ತಿದ್ದರು. ಮೊದಲೇ ಬಳಲಿದವರು ಎರಡನೆಯ ಪೆಟ್ಟು ತಾಳುತ್ತಿರಲಿಲ್ಲ.

ಸೋರಿಕೆ ಎಂದರೇನು ಎಂಬುದಕ್ಕೇ ಒಮ್ಮತವಿರಲಿಲ್ಲ. ಒಬ್ಬರು ಸೋರಿಕೆ ಎಂದದ್ದು ಇನ್ನೊಬ್ಬರಿಗೆ ಲೆಕ್ಕಕ್ಕೇ ಇಲ್ಲ. 2005ರಲ್ಲಿ ಇಟಲಿಯ ವೆರೋನಾದ ಕ್ಲಾಡಿಯೋ ಬಸ್ಸಿ ಮುಂದಾಳಾಗಿ ಹಲವು ದೇಶಗಳ ಶಸ್ತ್ರವೈದ್ಯರು ಕೂತು ಒಂದು ವ್ಯಾಖ್ಯೆ ಮಾಡಿದರು. ಮೂರನೆಯ ದಿನ ಅಥವಾ ಆಮೇಲೆ ಡ್ರೈನ್ ಕೊಳವೆಯ ದ್ರವದಲ್ಲಿ ಅಮೈಲೇಸ್ ಎಂಬ ಕಿಣ್ವ ರಕ್ತದಲ್ಲಿರಬೇಕಾದ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಅದು ಸೋರಿಕೆ. 2016ರಲ್ಲಿ ಇದನ್ನು ತಿದ್ದಿ, ರೋಗಿಗೆ ಏನೂ ತೊಂದರೆ ಕೊಡದ ಸೋರಿಕೆಯನ್ನು ಪಟ್ಟಿಯಿಂದ ಕೈಬಿಟ್ಟರು. ಆಳತೆ ಒಂದಾದ ಮೇಲೆ ಹೋಲಿಕೆಗೆ ಅರ್ಥ ಬಂತು.

ಆ ಡ್ರೈನ್ ಕೊಳವೆಯದೂ ಒಂದು ಕಥೆ. ಅದರಿಂದಲೇ ಸೋಂಕು ಬರುತ್ತದೆ, ಅದು ಬೇಡ ಎನ್ನುವವರಿದ್ದರು. 2001ರ ನ್ಯೂಯಾರ್ಕಿನ ಒಂದು ಪರೀಕ್ಷೆ ಅವರಿಗೆ ಬೆಂಬಲವಾಗಿತ್ತು. 2014ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಪರೀಕ್ಷೆಯಲ್ಲಿ ಕೊಳವೆ ಇಡದ ಗುಂಪಿನಲ್ಲಿ ಸಾವು ಶೇಕಡಾ 3ರಿಂದ 12ಕ್ಕೆ ಏರಿದ್ದರಿಂದ ಪರೀಕ್ಷೆಯನ್ನೇ ನಡುವೆ ನಿಲ್ಲಿಸಬೇಕಾಯಿತು. ಹಾಗೆಂದು ಕೊಳವೆಯನ್ನು ವಾರಗಟ್ಟಲೆ ಬಿಡುವುದೂ ತಪ್ಪು. ಅಮೈಲೇಸ್ ಕಡಿಮೆ ಇದ್ದವರಿಗೆ ಮೂರನೆಯ ದಿನವೇ ತೆಗೆದುಬಿಟ್ಟರೆ ತೊಂದರೆಗಳು ಬಹಳ ತಗ್ಗುತ್ತವೆ ಎಂದು 2010ರಲ್ಲಿ ಬಸ್ಸಿಯವರ ತಂಡ ತೋರಿಸಿತ್ತು. ಇಡುವುದೂ ಸರಿ, ಬೇಗ ತೆಗೆಯುವುದೂ ಸರಿ. ಯಾರಿಗೆ ಯಾವುದು ಎಂದು ದಿನವೂ ನೋಡುವವರು ಬೇಕು.

ದಿನವೂ ನೋಡುವುದನ್ನೇ ಒಂದು ಚಿಕಿತ್ಸೆಯಾಗಿ ಪರೀಕ್ಷಿಸಿದವರು ಮತ್ತೆ ಡಚ್ಚರು. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ದೇಶದಲ್ಲಿ ಮೇದೋಜೀರಕ ಶಸ್ತ್ರಚಿಕಿತ್ಸೆ ಮಾಡುವ 17 ಕೇಂದ್ರಗಳೂ ಪಾಲುಗೊಂಡಿದ್ದವು. ಒಟ್ಟು 1748 ರೋಗಿಗಳು. ಹೊಲಿಗೆ ಹೇಗೆ ಹಾಕಬೇಕೆಂದು ಯಾರಿಗೂ ಹೇಳಲಿಲ್ಲ. ಅವರವರ ಪದ್ಧತಿ ಅವರವರಿಗೆ. ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ಪ್ರತಿ ರೋಗಿಯ ಜ್ವರ, ರಕ್ತದ ಪರೀಕ್ಷೆ, ಕೊಳವೆಯ ದ್ರವ ಇವನ್ನೆಲ್ಲ ಮೊಬೈಲ್ ಫೋನಿನ ಒಂದು ಸರಳ ಲೆಕ್ಕಾಚಾರಕ್ಕೆ ತುಂಬಬೇಕು. ಈಗಲೇ ಸ್ಕ್ಯಾನ್ ಮಾಡಿಸಿ, ನಳಿಕೆ ಇಡಿಸಿ, ಕೊಳವೆ ತೆಗೆಯಿರಿ ಎಂದು ಅದು ಸೂಚಿಸುತ್ತದೆ. ದೊಡ್ಡ ರಕ್ತಸ್ರಾವ, ಅಂಗವೈಫಲ್ಯ ಅಥವಾ ಸಾವು, ಈ ಮೂರರಲ್ಲೊಂದಕ್ಕೆ ತುತ್ತಾದವರು ಶೇಕಡಾ 14ರಿಂದ 8ಕ್ಕೆ ಇಳಿದರು. ಸಾವು ಶೇಕಡಾ 5ರಿಂದ 3ಕ್ಕೆ ಬಂತು. ಗ್ರಂಥಿ ಎಂದಿನಂತೆ ಕೆಲವರಲ್ಲಿ ಸೋರುತ್ತಲೇ ಇತ್ತು.